ಚೆನ್ನಾಗಿರುವ ಕಂಪ್ಯೂಟರ್ ವಿಂಡೋಸ್ 11ಕ್ಕೆ ಯಾಕೆ ಬೇಡ?

ಮಂಗಳೂರಿನ ಹಂಪನಕಟ್ಟೆಯ ಜೆರಾಕ್ಸ್ ಅಂಗಡಿ ಇರಲಿ, ಉಡುಪಿಯ ತೆರಿಗೆ ಸಲಹೆಗಾರರ ಕಚೇರಿ ಇರಲಿ, ಹಳೆಯ ಕಂಪ್ಯೂಟರ್ ಆನ್ ಮಾಡಿದರೆ ಈಗ ಒಂದು ಸೂಚನೆ ಎದುರಾಗುತ್ತದೆ. ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ, 11ಕ್ಕೆ ಬನ್ನಿ ಎನ್ನುತ್ತದೆ ಅದು. ಸರಿ ಎಂದು ಮುಂದೆ ಹೋದರೆ ಎಷ್ಟೋ ಕಡೆ ಇನ್ನೊಂದು ಸಾಲು ಬರುತ್ತದೆ: ಈ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕುವ ಅರ್ಹತೆ ಇಲ್ಲ. ಊಟಕ್ಕೆ ಕರೆದು ಬಾಗಿಲಲ್ಲೇ ತಡೆದ ಹಾಗಾಯಿತು. ಗೊಂದಲ ಆಗುವುದು ಸಹಜ ಅಲ್ವಾ?

ಈ ಗೊಂದಲದ ನಡುವೆ ಎರಡು ಮಾತು ಓಡಾಡುತ್ತಿವೆ. ಇನ್ನು ಆ ಕಂಪ್ಯೂಟರ್ ಓಡುವುದೇ ಇಲ್ಲ, ಹೊಸದು ತೆಗೆದುಕೊಳ್ಳಿ ಅನ್ನುವುದು ಒಂದು. ಇದೆಲ್ಲ ಮಾರಾಟದ ಉಪಾಯ, ಸುಮ್ನೆ ಇದ್ದುಬಿಡಿ ಅನ್ನುವುದು ಇನ್ನೊಂದು. ಮೊದಲನೆಯದು ತಪ್ಪು. ಎರಡನೆಯದರಲ್ಲಿ ಅರ್ಧ ಮಾತ್ರ ಸತ್ಯವಿದೆ, ಉಳಿದರ್ಧ ಅಪಾಯ. ಹಳೆಯದಕ್ಕೂ ಹೊಸದಕ್ಕೂ ಇರುವ ದೊಡ್ಡ ವ್ಯತ್ಯಾಸ ಪರದೆಯ ಮೇಲೆ ಕಾಣುವುದಿಲ್ಲ. ಅದು ಇರುವುದು ಬುಡದಲ್ಲಿ. ಅದನ್ನು ತಿಳಿದುಕೊಂಡರೆ ಯಾವ ಕಂಪ್ಯೂಟರ್ ಬದಲಿಸಬೇಕು, ಯಾವುದನ್ನು ಉಳಿಸಿಕೊಳ್ಳಬಹುದು ಅನ್ನುವುದನ್ನು ನಾವೇ ತೀರ್ಮಾನಿಸಬಹುದು.

ನಿಂತದ್ದು ಏನು

ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. ಹತ್ತು ವರ್ಷ ಕಳೆದ ಮೇಲೆ, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಉಚಿತ ಬೆಂಬಲ ನಿಲ್ಲಿಸಿತು. ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಅದೇ ದಿನ ಮುಗಿಯಿತು. ಈ ವಿಷಯ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಬೆಂಬಲ ಅಂದರೆ ಮುಖ್ಯವಾಗಿ ಪ್ಯಾಚ್‌ಗಳು. ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ಇವನ್ನು ಕಳಿಸುತ್ತದೆ. ಒಳಗೆ ಹೊಸದಾಗಿ ಪತ್ತೆಯಾದ ತೂತುಗಳನ್ನು ಮುಚ್ಚುವ ರಿಪೇರಿ ಇದು. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದ ಹೆಂಚು ಬದಲಿಸುತ್ತಾರೆ. ಒಂದು ವರ್ಷ ಬಿಟ್ಟರೆ ಮನೆ ಬೀಳುವುದಿಲ್ಲ. ಎಲ್ಲಿ ಸೋರುತ್ತದೆ ಅಂತ ಗೊತ್ತಾಗುವುದು ಮಾತ್ರ ಮಳೆ ಹಿಡಿದ ಮೇಲೆ. ವಿಂಡೋಸ್ 10 ಈಗ ಅಂಥ ಮನೆ. ಕಂಪ್ಯೂಟರ್ ಓಡುತ್ತದೆ, ಫೈಲು ತೆರೆಯುತ್ತದೆ, ಪ್ರಿಂಟ್ ಬರುತ್ತದೆ. ಮಾಡು ಹತ್ತುವವರು ಮಾತ್ರ ಇಲ್ಲ.

ಎಲ್ಲವೂ ಒಟ್ಟಿಗೆ ನಿಂತಿಲ್ಲ ಅನ್ನುವುದನ್ನೂ ಹೇಳಬೇಕು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತು 2028ರ ಅಕ್ಟೋಬರ್‌ವರೆಗೆ ಸಿಗುತ್ತದೆ. ಎಡ್ಜ್ ಬ್ರೌಸರ್ ಕೂಡ ಕನಿಷ್ಠ ಆ ತನಕ ನವೀಕರಣ ಪಡೆಯುತ್ತದೆ. ಇದನ್ನೇ ಹಿಡಿದು ಏನೂ ತೊಂದರೆ ಇಲ್ಲ ಅನ್ನುವವರಿದ್ದಾರೆ. ಆದರೆ ಡಿಫೆಂಡರ್ ಮಾಡುವುದು ಗುರುತು ಸಿಕ್ಕ ಕಳ್ಳನನ್ನು ತಡೆಯುವ ಕೆಲಸ. ಗೋಡೆಯ ತೂತು ಮುಚ್ಚುವುದು ಅದರ ಕೆಲಸ ಅಲ್ಲ.

ರಿಪೇರಿಯೇ ಕಳ್ಳನಿಗೆ ದಾರಿ ತೋರಿಸುತ್ತದೆ

ಹೊಸ ತೂತು ಸಿಗುವುದು ಅಪರೂಪ, ನಮ್ಮ ಸಣ್ಣ ಕಚೇರಿಯನ್ನು ಯಾರು ಹುಡುಕಿಕೊಂಡು ಬರುತ್ತಾರೆ ಅನ್ನುವ ಮಾತೂ ಇದೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ವಿಂಡೋಸ್ 11ರ ಹೆಸರು 11. ಆದರೆ ಅದರ ಒಳಗಿನ ಆವೃತ್ತಿ ಸಂಖ್ಯೆ ಇನ್ನೂ 10.0 ಅಂತಲೇ ಶುರುವಾಗುತ್ತದೆ. ಎರಡೂ ಒಂದೇ ಬೇರಿನವು, ಅವುಗಳ ಕೋಡ್‌ನಲ್ಲಿ ಬಹಳಷ್ಟು ಭಾಗ ಒಂದೇ. ಹಾಗಾಗಿ 11ರಲ್ಲಿ ಒಂದು ತೂತು ಇದ್ದರೆ ಎಷ್ಟೋ ಸಲ ಅದು 10ರಲ್ಲೂ ಇರುತ್ತದೆ. 11ಕ್ಕೆ ಪ್ಯಾಚ್ ಬಂದ ದಿನ ದಾಳಿಕೋರರು ಹಳೆಯ ಫೈಲನ್ನೂ ರಿಪೇರಿಯಾದ ಫೈಲನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಏನು ಬದಲಾಗಿದೆ ಅಂತ ನೋಡಿದರೆ ತೂತು ಎಲ್ಲಿತ್ತು ಅಂತ ತಿಳಿಯುತ್ತದೆ. 11 ಬಳಸುವವರಲ್ಲಿ ಅದು ಮುಚ್ಚಿರುತ್ತದೆ. ಪ್ಯಾಚ್ ಬಾರದ 10ರಲ್ಲಿ ತೆರೆದೇ ಇರುತ್ತದೆ, ತಿಂಗಳು ಕಳೆದರೂ, ವರ್ಷ ಕಳೆದರೂ. ಬೆಂಬಲ ನಿಂತ ವ್ಯವಸ್ಥೆ ದಿನ ಹೋದಂತೆ ಜಾಸ್ತಿ ಅಪಾಯಕ್ಕೆ ಬೀಳುವುದು ಹೀಗೆ.

ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳಿದ 2017ರ ವಾನ್ನಾಕ್ರೈ ವೈರಸ್ ದಾಳಿ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ದಾಳಿ ನಡೆದದ್ದು ಮೇ 12ರಂದು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಆಗಿನ್ನೂ ಬೆಂಬಲದಲ್ಲಿದ್ದ ವಿಂಡೋಸ್ 7 ಬಳಸುತ್ತಿದ್ದರು, ಪ್ಯಾಚ್ ಹಾಕಿರಲಿಲ್ಲ ಅಷ್ಟೇ. ಬೆಂಬಲ ನಿಂತು ಮೂರು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಕಂಪನಿ ಕೊನೆಗೆ ತುರ್ತು ಪ್ಯಾಚ್ ಕೊಡಬೇಕಾಯಿತು. ಆ ವೈರಸ್ ಯಾರನ್ನೂ ಹೆಸರು ಹಿಡಿದು ಹುಡುಕಿ ಬರಲಿಲ್ಲ. ಒಂದು ಕಂಪ್ಯೂಟರ್‌ಗೆ ಹೊಕ್ಕಿದ್ದು ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯ ಮೂಲಕ ಅದೇ ನೆಟ್‌ವರ್ಕ್‌ನ ಉಳಿದವಕ್ಕೆ ತಾನಾಗಿಯೇ ಹರಡಿತು.

ನಮ್ಮಲ್ಲಿ ಲೆಕ್ಕಪತ್ರದ ಕಚೇರಿಗಳು ಕೆಲಸ ಮಾಡುವುದು ಹೇಗೆ? ಒಂದು ಕಂಪ್ಯೂಟರ್‌ನಲ್ಲಿ ಲೆಕ್ಕದ ಡೇಟಾ ಇಟ್ಟು, ಆ ಫೋಲ್ಡರನ್ನು ಉಳಿದ ನಾಲ್ಕೈದಕ್ಕೆ ಹಂಚಿರುತ್ತಾರೆ. ನಾಲ್ಕು ಹೊಸದಾಗಿದ್ದು ಮೂಲೆಯ ಒಂದು ಮಾತ್ರ ಹಳೆಯದು ಅಂದುಕೊಳ್ಳಿ. ಆ ಒಂದು ಹಾಳಾದರೆ ಹಂಚಿದ ಫೋಲ್ಡರ್‌ನ ಫೈಲುಗಳಿಗೂ ಬೀಗ ಬೀಳಬಹುದು. ಗಿರಾಕಿಗಳ ಪ್ಯಾನ್, ಆಧಾರ್ ಪ್ರತಿ, ಬ್ಯಾಂಕ್ ವಿವರ ಎಲ್ಲ ಅಲ್ಲೇ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇಂಥ ಮಾಹಿತಿ ಇಟ್ಟುಕೊಂಡವರ ಮೇಲೆ ಅದನ್ನು ಜೋಪಾನ ಮಾಡುವ ಹೊಣೆ ಹೊರಿಸಿದೆ.

ಕಣ್ಣಿಗೆ ಕಾಣುವ ವ್ಯತ್ಯಾಸ

ಇದನ್ನು ಬೇಗ ಮುಗಿಸಬಹುದು. 11ರಲ್ಲಿ ಸ್ಟಾರ್ಟ್ ಗುಂಡಿ ನಡುವಿಗೆ ಬಂದಿದೆ, ಬೇಕಾದರೆ ಎಡಕ್ಕೆ ಸರಿಸಬಹುದು. ಮೌಸ್‌ನ ಬಲಗುಂಡಿ ಒತ್ತಿದರೆ ಬರುವ ಪಟ್ಟಿ ಚಿಕ್ಕದಾಗಿದೆ, ಹಳೆಯ ಪೂರ್ತಿ ಪಟ್ಟಿಗೆ ಇನ್ನೊಂದು ಕ್ಲಿಕ್ ಬೇಕು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಬ್ರೌಸರ್‌ನಂತೆ ಟ್ಯಾಬ್‌ಗಳಿವೆ. ಒಂದೇ ಪರದೆಯಲ್ಲಿ ಮೂರ್ನಾಲ್ಕು ಕಿಟಕಿ ಜೋಡಿಸುವುದು ಸುಲಭವಾಗಿದೆ. ಒಂದೆರಡು ವಾರದಲ್ಲಿ ಕೈಗೆ ರೂಢಿಯಾಗುವ ಸಂಗತಿಗಳು ಇವು. ಬರೀ ಇದಕ್ಕಾಗಿ ಯಾರೂ ಹಣ ಖರ್ಚು ಮಾಡಬೇಕಿಲ್ಲ.

ಬುಡದಲ್ಲಿ ಆದ ಬದಲಾವಣೆ

ವಿಂಡೋಸ್ 10ರವರೆಗೆ ಹೊಸ ಆವೃತ್ತಿ ಕೇಳುತ್ತಿದ್ದುದು ಮುಖ್ಯವಾಗಿ ಶಕ್ತಿ: ಇಷ್ಟು ರ‍್ಯಾಮ್, ಇಷ್ಟು ಜಾಗ, ಇಷ್ಟು ವೇಗ. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11 ಶಕ್ತಿ ಕೇಳುವುದು ಕಡಿಮೆಯೇ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು ಅನ್ನುತ್ತದೆ. ಹೊಸದಾಗಿ ಅದು ಕೇಳುವುದು ನಂಬಿಕೆಯ ಪುರಾವೆ.

ಆ ಪುರಾವೆಯ ಒಂದು ಭಾಗ ಟಿಪಿಎಂ 2.0. ಇದು ಮದರ್‌ಬೋರ್ಡ್‌ನಲ್ಲಿ ಬೇರೆಯೇ ಚಿಪ್ ಆಗಿರಬಹುದು ಅಥವಾ ಪ್ರೊಸೆಸರ್ ಒಳಗೇ ಇರಬಹುದು. ಬೀಗದ ಕೈಗಳನ್ನು ವಿಂಡೋಸ್‌ನ ಕೈಗೂ ಸಿಗದಂತೆ ಇಟ್ಟುಕೊಳ್ಳುವ ತಿಜೋರಿ ಅದು. ಇನ್ನೊಂದು ಭಾಗ ಸೆಕ್ಯೂರ್ ಬೂಟ್. ಕಂಪ್ಯೂಟರ್ ಆನ್ ಆಗುವಾಗ ವಿಂಡೋಸ್‌ಗಿಂತ ಮುಂಚೆ ಬೇರೆ ಯಾವುದೋ ಪ್ರೋಗ್ರಾಂ ನುಸುಳಿ ಕೂರದಂತೆ ತಡೆಯುವ ತಪಾಸಣೆ ಇದು. ಮೊದಲೇ ನುಸುಳಿದ ವೈರಸ್‌ಗೆ ವಿಂಡೋಸ್ ಹೇಳಿದ್ದೆಲ್ಲ ಕೇಳಿಸುತ್ತದೆ, ವಿಂಡೋಸ್‌ಗೆ ಅದು ಕಾಣುವುದೇ ಇಲ್ಲ. ಅದಕ್ಕೇ ಕಾವಲು ಅಷ್ಟು ಕೆಳಗಿನಿಂದ ಶುರುವಾಗಬೇಕು.

ಮೂರನೆಯ ಷರತ್ತೇ ಹೆಚ್ಚು ಜನರನ್ನು ಹೊರಗಿಟ್ಟಿರುವುದು. ಇಂಟೆಲ್‌ನಲ್ಲಿ ಎಂಟನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿ, ಸ್ಥೂಲವಾಗಿ ಇವು ಅಥವಾ ಇವುಗಳ ನಂತರದ ಪ್ರೊಸೆಸರ್ ಬೇಕು. 2017ರ ಕೊನೆಗೋ 2018ಕ್ಕೋ ಎಳೆದ ಗೆರೆ ಅದು. ಇದಕ್ಕೂ ಒಂದು ಕಾರಣ ಕೊಡುತ್ತಾರೆ. 11 ತನ್ನ ಒಳಗಿನ ಸೂಕ್ಷ್ಮ ಭಾಗಗಳನ್ನು ಉಳಿದ ಪ್ರೋಗ್ರಾಂಗಳಿಂದ ಬೇರೆ ಕೋಣೆಯಲ್ಲಿಟ್ಟಂತೆ ಇಡುತ್ತದೆ. ಹೊಸ ಪ್ರೊಸೆಸರ್‌ಗಳಲ್ಲಿ ಇದಕ್ಕೆ ಬೇಕಾದ ಸೌಲಭ್ಯ ಚಿಪ್‌ನಲ್ಲೇ ಇದೆ. ಹಳೆಯವುಗಳಲ್ಲಿ ಅದೇ ಕೆಲಸವನ್ನು ಸಾಫ್ಟ್‌ವೇರ್ ಹೇಗೋ ಮಾಡಬೇಕು. ಆಗ ಕಂಪ್ಯೂಟರ್ ನಿಧಾನವಾಗುತ್ತದೆ.

ಕಾರಣದಲ್ಲಿ ತಥ್ಯವಿದೆ. ಆದರೆ ಗೆರೆ ಎಳೆದ ಜಾಗ ನ್ಯಾಯವಾಗಿದೆ ಅನ್ನುವುದು ಕಷ್ಟ. ಏಳನೇ ತಲೆಮಾರಿನ ಐ7 7700 ಈಗಲೂ ಚುರುಕಾದ ಪ್ರೊಸೆಸರ್. ಅದರಲ್ಲಿ ಟಿಪಿಎಂ 2.0 ಸೌಲಭ್ಯವೂ ಇದೆ. ಆದರೂ ಅದು ಪಟ್ಟಿಯಲ್ಲಿಲ್ಲ. ಎಷ್ಟೋ ಪಟ್ಟು ನಿಧಾನವಾದ ಸೆಲೆರಾನ್ ಎನ್4000 ಪಟ್ಟಿಯಲ್ಲಿದೆ. ಹಾಗಾಗಿ ಅರ್ಹತೆ ಇಲ್ಲ ಅಂದ ಮಾತ್ರಕ್ಕೆ ಕಂಪ್ಯೂಟರ್ ಕೆಟ್ಟಿದೆ ಅಂತ ತಿಳಿಯಬಾರದು. ಹಾಗೆಯೇ, 2018ರ ನಂತರದ ಕಂಪ್ಯೂಟರ್‌ಗೂ ಅರ್ಹತೆ ಇಲ್ಲ ಅಂತ ಬಂದರೆ ಗುಜರಿಗೆ ಹಾಕುವ ಮುಂಚೆ ಬಯಾಸ್ ಸೆಟ್ಟಿಂಗ್, ಅಂದರೆ ವಿಂಡೋಸ್‌ಗಿಂತ ಮುಂಚೆ ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್, ನೋಡಿಸಿ. ಟಿಪಿಎಂ ಒಳಗೇ ಇದ್ದು ಆಫ್ ಆಗಿರುವುದು ತುಂಬಾ ಸಾಮಾನ್ಯ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಅನ್ನುವ ಉಚಿತ ಪ್ರೋಗ್ರಾಂ ಯಾವ ಷರತ್ತಿನಲ್ಲಿ ತಡೆಯಾಗಿದೆ ಅಂತ ಬಿಡಿಸಿ ಹೇಳುತ್ತದೆ.

ಸಿಡಿಲು ಹೊಡೆದ ಮದರ್‌ಬೋರ್ಡ್

ಈ ಬುಡದ ಬದಲಾವಣೆಯಿಂದ ಕರಾವಳಿಯವರು ವಿಶೇಷವಾಗಿ ತಿಳಿದಿರಬೇಕಾದ ಪರಿಣಾಮ ಒಂದಿದೆ. ಇದರ ಬಗ್ಗೆ ಯಾರೂ ಸಾಕಷ್ಟು ಎಚ್ಚರಿಸುತ್ತಿಲ್ಲ.

ಏಪ್ರಿಲ್, ಮೇ ತಿಂಗಳ ಸಿಡಿಲಿಗೆ, ಮತ್ತೆ ಅಕ್ಟೋಬರ್‌ನ ಗುಡುಗು ಮಳೆಗೆ ನಮ್ಮಲ್ಲಿ ಮದರ್‌ಬೋರ್ಡ್ ಸುಡುವುದು ಹೊಸತೇನಲ್ಲ. ಉಪ್ಪಿನ ಗಾಳಿ, ತೇವದ ಕಾಟ ಬೇರೆ. ಹಳೆಯ ದಿನಗಳಲ್ಲಿ ಪರಿಹಾರ ಸುಲಭ ಇತ್ತು. ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಫೈಲುಗಳು ಕೈಗೆ ಬರುತ್ತಿದ್ದವು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಮೈಕ್ರೋಸಾಫ್ಟ್ ಖಾತೆ ಹಾಕಿ ಹೊಸದಾಗಿ ಸ್ಥಾಪಿಸಿದ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಡಿಸ್ಕ್‌ಗೆ ತಾನಾಗಿಯೇ ಬೀಗ ಬೀಳುತ್ತದೆ. ಬೀಗದ ಕೈ ಇರುವುದು ಟಿಪಿಎಂನಲ್ಲಿ. ಟಿಪಿಎಂ ಇರುವುದು ಮದರ್‌ಬೋರ್ಡ್‌ನಲ್ಲಿ ಅಥವಾ ಪ್ರೊಸೆಸರ್‌ನಲ್ಲಿ. ಬೋರ್ಡ್ ಸುಟ್ಟು, ಡಿಸ್ಕನ್ನು ಬೇರೆಡೆ ಸಿಕ್ಕಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಗೊತ್ತಿಲ್ಲದಿದ್ದರೆ ಡೇಟಾ ಹೋದಂತೆಯೇ.

ಆ ಕೀ ಉಳಿದಿರುವುದು ಸ್ಥಾಪಿಸುವಾಗ ಹಾಕಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅಂಗಡಿಯವರು ಕೆಲಸ ಬೇಗ ಮುಗಿಯಲಿ ಅಂತ ತಮ್ಮದೇ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಇರುವುದು ಅವರ ಖಾತೆಯಲ್ಲಿ. ಎರಡು ವರ್ಷ ಬಿಟ್ಟು ಸಿಡಿಲು ಹೊಡೆದಾಗ ಆ ಖಾತೆ ಯಾರದ್ದು ಅಂತ ಯಾರಿಗೆ ನೆನಪಿರುತ್ತದೆ? ಆದ್ದರಿಂದ ಹೊಸ ಕಂಪ್ಯೂಟರ್ ಮನೆಗೆ ತರುವ ದಿನವೇ ನಿಮ್ಮ ಖಾತೆಯಿಂದಲೇ ಸೆಟಪ್ ಮಾಡಿಸಿ. ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಕಂಪ್ಯೂಟರ್‌ನಿಂದ ದೂರ ಇಡಿ. ಲ್ಯಾಪ್‌ಟಾಪ್ ಕಳುವಾದಾಗ ಇದೇ ಬೀಗ ನಮ್ಮನ್ನು ಕಾಯುತ್ತದೆ ಅನ್ನುವುದೂ ನಿಜ. ಹಳೆಯ ಅಭ್ಯಾಸಗಳನ್ನು ಬದಲಿಸಿಕೊಳ್ಳದೆ ಹೊಸ ಬೀಗ ಬಳಸುವುದು ಕಷ್ಟ.

ಎರಡು ಕಡೆಯ ವಾದ

ಮೈಕ್ರೋಸಾಫ್ಟ್ ಹೇಳುವುದು ಹೀಗೆ: ಹತ್ತು ವರ್ಷ ಸಾಕಷ್ಟು ದೀರ್ಘ ಅವಧಿ. ದಾಳಿಗಳು ಬದಲಾಗಿವೆ, ರಕ್ಷಣೆ ಹಾರ್ಡ್‌ವೇರ್‌ನಿಂದಲೇ ಶುರುವಾಗಬೇಕು. ಎರಡೂ ಆವೃತ್ತಿಗೆ ಎಂದೆಂದಿಗೂ ಪ್ಯಾಚ್ ಕೊಡುತ್ತಾ ಕೂರಲು ಆಗುವುದಿಲ್ಲ.

ವಿರೋಧಿಸುವವರು ಹೇಳುವುದು: ಹತ್ತು ವರ್ಷ ಅನ್ನುವುದು 2015ರಲ್ಲಿ ಕೊಂಡವರಿಗೆ. 2018ರಲ್ಲಿ ಏಳನೇ ತಲೆಮಾರಿನ ಲ್ಯಾಪ್‌ಟಾಪ್ ಕೊಂಡವರಿಗೆ ಸಿಕ್ಕಿದ್ದು ಏಳೇ ವರ್ಷ. ಮಾರುಕಟ್ಟೆ ಅಧ್ಯಯನ ಸಂಸ್ಥೆ ಕ್ಯಾನಲಿಸ್ 2023ರಲ್ಲೇ ಒಂದು ಅಂದಾಜು ಕೊಟ್ಟಿತ್ತು. ಈ ಬದಲಾವಣೆಯಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಕಸವಾಗಬಹುದು ಎಂದಿತ್ತು ಅದು. ಓಡುವ ಯಂತ್ರವನ್ನು ಕಸ ಮಾಡುವುದು ಪರಿಸರಕ್ಕೂ ಜೇಬಿಗೂ ಅನ್ಯಾಯ ಅನ್ನುವುದು ಅವರ ವಾದ.

ನನಗೆ ಎರಡನೆಯ ವಾದದಲ್ಲಿ ತೂಕ ಜಾಸ್ತಿ ಕಾಣುತ್ತದೆ. ಸುರಕ್ಷತೆಯ ಅಗತ್ಯ ನಿಜ. ಆದರೆ ಅದರ ಖರ್ಚನ್ನು ಪೂರ್ತಿ ಬಳಕೆದಾರರ ತಲೆಗೆ ಕಟ್ಟಲಾಗಿದೆ. ಗ್ರಾಹಕ ಸಂಘಟನೆಗಳ ಒತ್ತಡ ಬಂದಾಗ ಯುರೋಪಿಯನ್ ಆರ್ಥಿಕ ವಲಯದ ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಪ್ಯಾಚ್‌ಗಳನ್ನು ಕಂಪನಿ ಸಡಿಲ ಷರತ್ತಿನಲ್ಲಿ, ಹಣ ಇಲ್ಲದೆ ಕೊಟ್ಟಿತು. ಅಲ್ಲಿ ಆಗುವುದಾದರೆ ಇಲ್ಲಿ ಆಗದಿರಲು ತಾಂತ್ರಿಕ ಕಾರಣ ಏನೂ ಇಲ್ಲ.

ಒಂದು ವರ್ಷದ ಗಡುವು

ಆ ಹೆಚ್ಚುವರಿ ಪ್ಯಾಚ್‌ಗಳ ಯೋಜನೆಯ ಹೆಸರು ಇಎಸ್‌ಯು. ಮನೆ ಬಳಕೆಯ ವಿಂಡೋಸ್ 10ಕ್ಕೆ ಇದು 2026ರ ಅಕ್ಟೋಬರ್ 13ರವರೆಗೆ ಇದೆ. ಸೇರಲು ಮೂರು ದಾರಿ. ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿದರೆ ಹಣ ಕೊಡಬೇಕಿಲ್ಲ. ಇಲ್ಲವೆಂದರೆ ಕಂಪನಿಯ 1,000 ರಿವಾರ್ಡ್ ಅಂಕ ಕೊಡಬಹುದು. ಅದೂ ಬೇಡ ಅಂದರೆ 30 ಡಾಲರ್ ಅಥವಾ ಅದಕ್ಕೆ ಸಮನಾದ ಹಣ. ಯಾವುದಕ್ಕಾದರೂ ಖಾತೆ ಬೇಕು, 22ಎಚ್2 ಆವೃತ್ತಿ ಇರಬೇಕು. ತಡವಾಗಿ ಸೇರಿದರೂ ತಪ್ಪಿಹೋದ ಪ್ಯಾಚ್‌ಗಳು ಸಿಗುತ್ತವೆ. ಇದನ್ನು ಮಾಡದೆ ಕೂರುವುದಕ್ಕೆ ಒಳ್ಳೆಯ ಕಾರಣ ಒಂದೂ ಕಾಣುವುದಿಲ್ಲ.

ಡೊಮೇನ್‌ಗೆ, ಅಂದರೆ ಸಂಸ್ಥೆ ಒಂದೇ ಕಡೆಯಿಂದ ನಿಯಂತ್ರಿಸುವ ನೆಟ್‌ವರ್ಕ್‌ಗೆ, ಸೇರಿಸಿದ ಕಚೇರಿ ಕಂಪ್ಯೂಟರ್‌ಗಳಿಗೆ ಈ ದಾರಿ ಇಲ್ಲ. ಅವಕ್ಕೆ ಬೇರೆಯೇ ದರ: ಮೊದಲ ವರ್ಷ ಒಂದಕ್ಕೆ 61 ಡಾಲರ್, ಮುಂದೆ ವರ್ಷ ವರ್ಷ ದುಪ್ಪಟ್ಟು, ಒಟ್ಟು ಮೂರು ವರ್ಷ. ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಮೊದಲ ವರ್ಷ 1 ಡಾಲರ್, ಆಮೇಲೆ 2, ಆಮೇಲೆ 4. ಇಷ್ಟೊಂದು ಶಾಲೆ ಕಾಲೇಜುಗಳಿರುವ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಈ ಕೊನೆಯ ಅಂಕಿ ಮುಖ್ಯ. ಲ್ಯಾಬ್‌ನ ಕಂಪ್ಯೂಟರ್‌ಗಳನ್ನು ಗಡಿಬಿಡಿಯಲ್ಲಿ ಬದಲಿಸುವ ಒತ್ತಡ ಯಾವ ಆಡಳಿತ ಮಂಡಳಿಗೂ ಇಲ್ಲ.

ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದಂಥವುಗಳ ಜೊತೆ ಬರುವ ವಿಂಡೋಸ್ 10 ಎಷ್ಟೋ ಸಲ ಎಲ್‌ಟಿಎಸ್‌ಸಿ ಅನ್ನುವ ಬೇರೆ ತಳಿ. ಅದರ ಗಡುವು ಬೇರೆ, ಕೆಲವಕ್ಕೆ 2032ರವರೆಗೂ ಇದೆ. ಹೆಸರು ನೋಡಿ ಗಾಬರಿಯಾಗುವ ಮುಂಚೆ ತಯಾರಕರನ್ನು ಕೇಳಬೇಕು.

ಅರ್ಹತೆ ಇಲ್ಲದ ಕಂಪ್ಯೂಟರ್‌ಗೂ ತಪಾಸಣೆ ತಪ್ಪಿಸಿ 11 ಹಾಕಿಕೊಡುವವರಿದ್ದಾರೆ. ಹಾಕಬಹುದು, ಓಡುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ನವೀಕರಣದ ಹಕ್ಕು ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. 24ಎಚ್2 ಬಂದಾಗ ತೀರಾ ಹಳೆಯ ಪ್ರೊಸೆಸರ್‌ಗಳಲ್ಲಿ ಅದು ಬೂಟ್ ಆಗುವುದೇ ನಿಂತಿತು. ಮನೆಯ ಕಂಪ್ಯೂಟರ್‌ನಲ್ಲಿ ಪ್ರಯೋಗಕ್ಕೆ ಸರಿ. ಗಿರಾಕಿಗಳ ಕಾಗದಪತ್ರ ಇರುವ ಕಂಪ್ಯೂಟರ್‌ಗೆ ಬೇಡ.

ನುಡಿ, ಪೇಜ್‌ಮೇಕರ್ ಮತ್ತು ಡಾಸ್

ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಇದು ಚಿಕ್ಕ ವಿಷಯದಂತೆ ಕಂಡರೂ ಪರಿಣಾಮ ದೊಡ್ಡದು. ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳು ನೇರವಾಗಿ ಓಡುತ್ತಿದ್ದುದು 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ. ಇಪ್ಪತ್ತೈದು ವರ್ಷದ ಹಿಂದೆ ಬರೆಸಿದ ಬಿಲ್ಲಿಂಗ್ ಅಥವಾ ಸಾಲದ ಲೆಡ್ಜರ್ ಪ್ರೋಗ್ರಾಂ ಇನ್ನೂ ನಡೆಸುತ್ತಿರುವವರಿಗೆ ಇದು ದಾರಿಯ ಕೊನೆ. ಡಾಸ್‌ಬಾಕ್ಸ್‌ನಂಥ ಅನುಕರಣೆಯ ಪ್ರೋಗ್ರಾಂನಲ್ಲಿ ಅದನ್ನು ತೆರೆದು, ಹಳೆಯ ದಾಖಲೆಗಳನ್ನು ಹೊರತೆಗೆಯುವ ಕೆಲಸ ಈಗಲೇ ಶುರುವಾಗಬೇಕು.

ಡಿಟಿಪಿ ಅಂಗಡಿಗಳ ಚಿಂತೆ ಬೇರೆ. ಅವರು ಪುಟ ಜೋಡಿಸಲು ಬಳಸುವ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರದ್ದು. ಅದರಲ್ಲಿ ನುಡಿಯ ಯುನಿಕೋಡ್ ಅಲ್ಲದ ಫಾಂಟ್ ಬಳಸಿ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ ಮಾಡಿದ ಫೈಲುಗಳು ರಾಶಿ ಇರುತ್ತವೆ. ಹೊಸ ವಿಂಡೋಸ್‌ನಲ್ಲಿ ಇದು ಸರಿಯಾಗಿ ಓಡುತ್ತದೆ ಅನ್ನುವ ಭರವಸೆ ಯಾರೂ ಕೊಡುವುದಿಲ್ಲ. ಇಂಥ ಕೆಲಸದ ಒಂದು ಕಂಪ್ಯೂಟರನ್ನು ಇಂಟರ್‌ನೆಟ್ಟೂ ಕಚೇರಿಯ ನೆಟ್‌ವರ್ಕೂ ಇಲ್ಲದೆ ಹಾಗೆಯೇ ಉಳಿಸಿಕೊಳ್ಳುವುದು ಬುದ್ಧಿವಂತಿಕೆ. ಪೆನ್‌ಡ್ರೈವ್ ಸಿಕ್ಕಿಸುವಾಗ ಮಾತ್ರ ಎಚ್ಚರ ಬೇಕು.

ಯುನಿಕೋಡ್ ಕನ್ನಡಕ್ಕೆ ತೊಂದರೆ ಇಲ್ಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆ 2019ರಿಂದ ವಿಂಡೋಸ್ 10ರಲ್ಲೇ ಇದೆ, 11ರಲ್ಲೂ ಇದೆ. ಹಳೆಯ ತುಂಗಾ ಫಾಂಟ್‌ನ ಕಡತ ಬೇರೆ ಥರ ಕಂಡರೆ ಗಾಬರಿ ಬೇಡ. ಅದನ್ನು ಹೆಚ್ಚುವರಿ ಕನ್ನಡ ಫಾಂಟ್‌ಗಳ ಜೊತೆ ಸೇರಿಸಿಕೊಳ್ಳಬಹುದು.

ತಲಪಾಡಿ ಆಚೆ

ಇಂಟರ್‌ನೆಟ್ ಬೇಕು, ಹೊಸದಕ್ಕೆ ಹಣ ಇಲ್ಲ, 11 ಹಾಕಲು ಆಗದು. ಇಂಥ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಇದೆ. ಅದರ ತಳಿಗಳಾದ ಉಬುಂಟು 24.04 ಮತ್ತು ಲಿನಕ್ಸ್ ಮಿಂಟ್ 22, ಎರಡಕ್ಕೂ 2029ರವರೆಗೆ ಉಚಿತ ಪ್ಯಾಚ್ ಇದೆ. ಇದು ತಜ್ಞರಿಗೆ ಮಾತ್ರ ಅನ್ನುವ ಮಾತು ಹಳತಾಯಿತು. ತಲಪಾಡಿ ದಾಟಿದರೆ ಕಾಸರಗೋಡು. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ, ಕನ್ನಡ ಮಾಧ್ಯಮದಲ್ಲೂ, ಮಕ್ಕಳು ಕಂಪ್ಯೂಟರ್ ಕಲಿಯುವುದು ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ವ್ಯವಸ್ಥೆಯಲ್ಲಿ. ಶಾಲೆ, ಗ್ರಂಥಾಲಯ, ಮನೆ ಬಳಕೆಗೆ ಇದು ಸಾಕು. ವಿಂಡೋಸ್‌ಗೇ ಬರೆದ ಲೆಕ್ಕಪತ್ರದ ಪ್ರೋಗ್ರಾಂ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇರುವ ಕಡೆ ಮಾತ್ರ ಸಾಲದು.

ಅಕ್ಟೋಬರ್‌ಗೆ ಮುಂಚೆ

2026ರಲ್ಲೇ ಇನ್ನೊಂದು ಗಡುವೂ ಇದೆ. ಸೆಕ್ಯೂರ್ ಬೂಟ್ ನಂಬಿರುವ 2011ರ ಪ್ರಮಾಣಪತ್ರಗಳ ಅವಧಿ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ನವೀಕರಣ ಪಡೆಯುತ್ತಿರುವ ಕಂಪ್ಯೂಟರ್‌ಗಳಿಗೆ ಹೊಸವು ಬರುತ್ತವೆ. ಇಎಸ್‌ಯು ಇಲ್ಲದ ವಿಂಡೋಸ್ 10ಕ್ಕೆ ಬರುವುದಿಲ್ಲ. ಅಂಥ ಕಂಪ್ಯೂಟರ್ ಆನ್ ಆಗುವುದು ನಿಲ್ಲದು. ಆನ್ ಆಗುವ ಹಂತದ ರಕ್ಷಣೆಗೆ ಹೊಸ ರಿಪೇರಿ ಬಾರದೆ ಅಲ್ಲೇ ನಿಲ್ಲುತ್ತದೆ. ಇಎಸ್‌ಯುಗೆ ಸೇರಲು ಕಾಯಬಾರದು ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ತೆರಿಗೆ ಕಚೇರಿಗಳಿಗೆ ದಿನಾಂಕದ ಕಷ್ಟವೂ ಇದೆ. ಆಡಿಟ್ ವರದಿಯ ಗಡುವು ಸೆಪ್ಟೆಂಬರ್ 30, ಅಂಥವರ ರಿಟರ್ನ್‌ಗೆ ಅಕ್ಟೋಬರ್ 31. ಇಎಸ್‌ಯು ಮುಗಿಯುವ ಅಕ್ಟೋಬರ್ 13 ಇವೆರಡರ ನಡುವೆ ಬರುತ್ತದೆ. ಆ ವಾರ ಯಾರಿಗೂ ಕಂಪ್ಯೂಟರ್ ಬದಲಿಸಲು ಪುರುಸೊತ್ತು ಇರುವುದಿಲ್ಲ. ಜುಲೈ 31ರ ರಿಟರ್ನ್ ಗಲಾಟೆ ಮುಗಿದು, ತುಳುವರ ಆಟಿ ತಿಂಗಳು ಕಳೆದು ಸೋಣ ಶುರುವಾಗುವ ಹೊತ್ತು, ಅಂದರೆ ಆಗಸ್ಟ್ ನಡುವೆ, ಇದಕ್ಕೆ ಸರಿಯಾದ ಸಮಯ. ಆಗ ಮೊದಲು ಒಂದೇ ಒಂದು ಕಂಪ್ಯೂಟರ್‌ಗೆ 11 ಹಾಕಿಸಿ. ಡಿಜಿಟಲ್ ಸಹಿಯ ಟೋಕನ್ ಗುರುತು ಹಿಡಿಯುತ್ತದೋ, ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಡ್ರೈವರ್ ಸಿಗುತ್ತದೋ, ಹಂಚಿದ ಫೋಲ್ಡರ್ ತೆರೆಯುತ್ತದೋ ಅಂತ ಎರಡು ವಾರ ನೋಡಿ, ಆಮೇಲೆ ಉಳಿದವನ್ನು ಮುಟ್ಟಿ.